ಪೆಟ್ಟಿನ ಲೆಕ್ಕ ಬರೆದವರು

1962ರ ಮಾರ್ಚ್ 24, ಶನಿವಾರ ರಾತ್ರಿ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವೆಲ್ಟರ್‌ವೇಟ್ ವಿಶ್ವಪಟ್ಟದ ಪಂದ್ಯ. ಕ್ಯೂಬಾದ ಬೆನ್ನಿ ಪರೆಟ್‌ಗೂ ಎಮಿಲ್ ಗ್ರಿಫಿತ್‌ಗೂ ಅದು ಮೂರನೆಯ ಮುಖಾಮುಖಿ. ಎಬಿಸಿ ಟೆಲಿವಿಷನ್ ಅದನ್ನು ದೇಶದುದ್ದಕ್ಕೂ ನೇರವಾಗಿ ಬಿತ್ತರಿಸುತ್ತಿತ್ತು. ಆರನೇ ಸುತ್ತಿನಲ್ಲಿ ಪರೆಟ್ ಎದುರಾಳಿಯನ್ನು ನೆಲಕ್ಕೆ ಕೆಡವಿದ್ದ. ಹನ್ನೆರಡನೇ ಸುತ್ತಿನಲ್ಲಿ ಗ್ರಿಫಿತ್ ಅವನನ್ನು ರಿಂಗಿನ ಮೂಲೆಗೆ ಒತ್ತಿ ಹಿಡಿದ. ಹಗ್ಗಕ್ಕೆ ಸಿಕ್ಕಿಕೊಂಡ ದೇಹ ಬೀಳಲೂ ಆಗದೆ, ಏಳಲೂ ಆಗದೆ ನಿಂತಿತ್ತು. ತಲೆಯ ಮೇಲೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದವು. ರೆಫರಿ ರೂಬಿ ಗೋಲ್ಡ್‌ಸ್ಟೀನ್ ನಡುವೆ ನುಗ್ಗಿ ಗ್ರಿಫಿತ್‌ನನ್ನು ಎಳೆದುಕೊಳ್ಳುವ ಹೊತ್ತಿಗೆ ಪರೆಟ್ ಮೆಲ್ಲಗೆ ಕುಸಿಯುತ್ತಿದ್ದ. ಅವನಿಗೆ ಮತ್ತೆ ಪ್ರಜ್ಞೆ ಬರಲಿಲ್ಲ. ಏಪ್ರಿಲ್ 3ರಂದು ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 25.

ಈ ಸಾವಿನ ಬಗ್ಗೆ ಹೇಳುವವರೆಲ್ಲ ಒಂದು ಕತೆ ಹೇಳುತ್ತಾರೆ. ಪಂದ್ಯದ ದಿನ ತೂಕ ನೋಡುವಾಗ ಪರೆಟ್ ಗ್ರಿಫಿತ್‌ನ ಗಂಡಸುತನವನ್ನು ಹೀಗಳೆದು ಸ್ಪ್ಯಾನಿಷ್‌ನಲ್ಲಿ ಬೈದಿದ್ದ, ಗ್ರಿಫಿತ್ ಆ ಸಿಟ್ಟನ್ನು ರಿಂಗಿನಲ್ಲಿ ತೀರಿಸಿಕೊಂಡ ಎಂಬ ಕತೆ. ಬೈದದ್ದು ನಿಜ. ಆದರೆ ಈ ಕತೆ ಅಷ್ಟೊಂದು ನಾಟಕೀಯವಾಗಿರುವುದರಿಂದಲೇ ಅದರ ಹಿಂದಿನ ಮೂರು ದಿನಾಂಕಗಳು ಮರೆತುಹೋಗಿವೆ ಎಂದು ನನಗನ್ನಿಸುತ್ತದೆ. 1961ರ ಏಪ್ರಿಲ್ 1ರಂದು ಮಯಾಮಿ ಬೀಚ್‌ನಲ್ಲಿ ಇದೇ ಗ್ರಿಫಿತ್ ಪರೆಟ್‌ನನ್ನು ಹದಿಮೂರನೇ ಸುತ್ತಿನಲ್ಲಿ ನಾಕೌಟ್ ಮಾಡಿದ್ದ. ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನಲ್ಲಿ ಹದಿನೈದು ಸುತ್ತು ಕಾದಾಡಿ ಪರೆಟ್ ಪಟ್ಟವನ್ನು ಮರಳಿ ಪಡೆದ. ಡಿಸೆಂಬರ್ 9ರಂದು ಲಾಸ್ ವೇಗಸ್‌ನಲ್ಲಿ, ತನಗಿಂತ ಭಾರದ ವರ್ಗದ ಜೀನ್ ಫುಲ್ಮರ್ ಎದುರು ನಿಂತು, ಘೋರವಾಗಿ ಏಟು ತಿಂದು ಹತ್ತನೇ ಸುತ್ತಿನಲ್ಲಿ ಮಲಗಿದ. ಅಲ್ಲಿಂದ ಮೂರೂವರೆ ತಿಂಗಳಿಗೆ ಮತ್ತೆ ಗ್ರಿಫಿತ್ ಎದುರಿಗೆ ಬಂದು ನಿಂತ.

ಒಂದು ನಾಕೌಟ್ ಫ್ಲಾರಿಡಾದಲ್ಲಿ, ಇನ್ನೊಂದು ನೆವಾಡಾದಲ್ಲಿ, ಕೊನೆಯದು ನ್ಯೂಯಾರ್ಕಿನಲ್ಲಿ. ಅಮೆರಿಕದಲ್ಲಿ ಬಾಕ್ಸಿಂಗ್ ಆಯಾ ರಾಜ್ಯದ ಆಯೋಗದ ಕೈಯಲ್ಲಿತ್ತು. ಒಂದೊಂದು ಆಯೋಗಕ್ಕೂ ತನ್ನದೇ ಕಡತ, ತನ್ನದೇ ನಿಯಮ. ಪರೆಟ್ ಸೋತದ್ದು, ಗೆದ್ದದ್ದು, ಯಾವ ಸುತ್ತಿನಲ್ಲಿ ಮಲಗಿದ್ದು ಎಲ್ಲವೂ ಪತ್ರಿಕೆಗಳಲ್ಲಿ ಅಚ್ಚಾಗಿತ್ತು, ಆಟ ಬಲ್ಲವರಿಗೆಲ್ಲ ಬಾಯಿಪಾಠವಾಗಿತ್ತು. ಆ ಮೂರು ಪಂದ್ಯಗಳಲ್ಲಿ ಅವನ ತಲೆಗೆ ಬಿದ್ದದ್ದನ್ನೆಲ್ಲ ಕೂಡಿಸಿ 'ಈತ ಸದ್ಯಕ್ಕೆ ರಿಂಗು ಹತ್ತುವಂತಿಲ್ಲ' ಎಂದು ಹೇಳಬೇಕಾದ ಹೊಣೆ ಮಾತ್ರ ಯಾರ ಮೇಲೂ ಇರಲಿಲ್ಲ. ವೈದ್ಯರು ಪರೀಕ್ಷೆ ಮಾಡಿದ್ದರು. ಆ ದಿನದ ಮಟ್ಟಿಗೆ ಸರಿಯಾಗಿದ್ದಾನೆ ಎಂದಿದ್ದರು. ಗವರ್ನರ್ ನೆಲ್ಸನ್ ರಾಕ್‌ಫೆಲರ್ ತನಿಖೆಗೆ ಆದೇಶಿಸಿದರು. ರೆಫರಿಯ ಮೇಲೆ ತಪ್ಪು ಹೊರಿಸಲಿಲ್ಲ. ನಿಯಮದ ಪ್ರಕಾರ ಎಲ್ಲವೂ ನಡೆದಿತ್ತು ಎಂಬುದೇ ಇಲ್ಲಿ ಎದೆ ನಡುಗಿಸುವ ಸಂಗತಿ.

ತಲೆಗೆ ಬೀಳುವ ಪೆಟ್ಟು ಒಂದರ ಮೇಲೊಂದು ಸೇರಿಕೊಂಡು ಮನುಷ್ಯನನ್ನು ಕೆಡಿಸುತ್ತದೆ ಎಂಬುದು ಆ ಹೊತ್ತಿಗೆ ಹೊಸ ವಿಷಯವೇನೂ ಆಗಿರಲಿಲ್ಲ. ಅದನ್ನು ಮೊದಲು ವೈದ್ಯಕೀಯ ಭಾಷೆಯಲ್ಲಿ ಬರೆದವರು ನ್ಯೂಜೆರ್ಸಿಯ ನ್ಯೂವಾರ್ಕ್‌ನ ಡಾ. ಹ್ಯಾರಿಸನ್ ಮಾರ್ಟ್‌ಲ್ಯಾಂಡ್. ಶವಪರೀಕ್ಷೆ ಅವರ ದಿನನಿತ್ಯದ ಕೆಲಸ. ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳ ಮೂಳೆ ಕೊಳೆಯುವುದಕ್ಕೆ ಆ ಬಣ್ಣವೇ ಕಾರಣವೆಂದು ಕಾರ್ಖಾನೆಯ ವಿರುದ್ಧ ಸಾಕ್ಷ್ಯ ಒದಗಿಸಿದವರೂ ಇವರೇ. ದುಡಿಯುವವರ ದೇಹದಲ್ಲಿ ಕೆಲಸ ಬಿಟ್ಟುಹೋದ ಗುರುತನ್ನು ಓದಬಲ್ಲ ಕಣ್ಣು ಅವರದು. 1928ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ನಿಯತಕಾಲಿಕದಲ್ಲಿ ಅವರ ಲೇಖನ ಬಂತು. ತಲೆಗೆ ಏಟು ತಿಂದೂ ತಿಂದೂ ಕುಡಿದವರಂತೆ ತೂರಾಡುವ, ಮಾತು ತೊದಲುವ, ಕೈ ನಡುಗುವ, ಕೊನೆಗೆ ಬುದ್ಧಿ ಮಂಕಾಗುವ ಬಾಕ್ಸರ್‌ಗಳ ಬಗ್ಗೆ ಬರೆದ ಪುಟ್ಟ ಲೇಖನ ಅದು.

ಅದರಲ್ಲಿ ಒಂದು ವಿವರ ನನ್ನನ್ನು ಬಿಡದೆ ಕಾಡುತ್ತದೆ. ಮಾರ್ಟ್‌ಲ್ಯಾಂಡ್‌ಗೆ ರೋಗಿಗಳ ಪಟ್ಟಿ ಸಿಕ್ಕಿದ್ದು ಆಸ್ಪತ್ರೆಯಿಂದಲೂ ಅಲ್ಲ, ಆಯೋಗದಿಂದಲೂ ಅಲ್ಲ. ಪಂದ್ಯ ಏರ್ಪಡಿಸುವ ಒಬ್ಬ ಪ್ರಮೋಟರ್‌ನಿಂದ. ಅವನು ನೆನಪಿನಿಂದಲೇ 23 ಜನರ ಹೆಸರು ಕೊಟ್ಟ. ಅಂದರೆ ದಂಧೆಯೊಳಗಿನವರಿಗೆ ಯಾರ್‍ಯಾರು ಕೆಟ್ಟುಹೋಗಿದ್ದಾರೆ ಎಂಬುದು ಚೆನ್ನಾಗಿ ಗೊತ್ತಿತ್ತು. ಜಿಮ್‌ಗಳಲ್ಲಿ ಅಂಥವರಿಗೆ ಅಡ್ಡಹೆಸರುಗಳೂ ಇದ್ದವು. ಗೊತ್ತಿದ್ದದ್ದು ಕಾಗದದ ಮೇಲೆ ಬಂದಿರಲಿಲ್ಲ, ಅಷ್ಟೇ. ಆ ಪಟ್ಟಿಯ ಐವರನ್ನು ಮಾರ್ಟ್‌ಲ್ಯಾಂಡ್ ತಾವೇ ಪರೀಕ್ಷಿಸಿದರು. ಕೌಶಲಕ್ಕಿಂತ ಎದೆಗಾರಿಕೆಯನ್ನೇ ನಂಬಿ, ಒಂದು ಹೊಡೆಯುವುದಕ್ಕಾಗಿ ಹತ್ತು ತಿನ್ನುವ ಬಾಕ್ಸರ್‌ಗಳಿಗೆ ಈ ಕಾಯಿಲೆ ಹೆಚ್ಚು ಎಂದು ಗುರುತಿಸಿದರು. ದೊಡ್ಡ ಆಟಗಾರರ ಅಭ್ಯಾಸಕ್ಕೆಂದು ದಿನಗೂಲಿಯಂತೆ ಏಟು ತಿನ್ನುವ ಎರಡನೇ ದರ್ಜೆಯವರಿಗೂ ಹೆಚ್ಚು ಎಂದರು. ಜಿಮ್ಮಿನೊಳಗೆ ಅವರು ತಿಂದ ಏಟು ಯಾವ ಪಂದ್ಯದ ದಾಖಲೆಗೂ ಸೇರುವುದಿಲ್ಲ. ಮೆದುಳು ಮಾತ್ರ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಮಾರ್ಟ್‌ಲ್ಯಾಂಡ್‌ರ ಲೇಖನವನ್ನು ವೈದ್ಯರು ಓದಿದರು, ಉಲ್ಲೇಖಿಸಿದರು. ಕ್ರೀಡೆ ತನ್ನ ಪಾಡಿಗೆ ತಾನು ನಡೆದುಕೊಂಡು ಹೋಯಿತು.

ಸಾವುಗಳ ಲೆಕ್ಕವನ್ನಾದರೂ ಯಾರೋ ಇಡಬೇಕಿತ್ತಲ್ಲ. 'ದಿ ರಿಂಗ್' ಪತ್ರಿಕೆಯ ಸಂಪಾದಕ ನ್ಯಾಟ್ ಫ್ಲೈಷರ್ ಬಾಕ್ಸಿಂಗ್‌ನ ಅಭಿಮಾನಿ, ಅದರ ದಾಖಲೆಗಾರ. 1940ರ ದಶಕದಿಂದ ಅವರು ಹೊರತರುತ್ತಿದ್ದ ದಪ್ಪನೆಯ ದಾಖಲೆ ಪುಸ್ತಕದಲ್ಲಿ ಒಬ್ಬೊಬ್ಬ ಬಾಕ್ಸರ್‌ನ ಸೋಲು ಗೆಲುವು ಸಾಲು ಸಾಲಾಗಿ ಇರುತ್ತಿತ್ತು. ರಿಂಗಿನಲ್ಲಾದ ಸಾವುಗಳನ್ನೂ ಅವರು ಎಣಿಸುತ್ತಿದ್ದರು. ಪರೆಟ್ ಸತ್ತಾಗ ಪತ್ರಿಕೆಗಳಿಗೆ ಸಿಕ್ಕಿದ ಅಂಕಿಗಳಲ್ಲಿ ಅವರ ಎಣಿಕೆಯೂ ಇತ್ತು. ಇದಕ್ಕೆ ತೀರಾ ಎದುರು ದಿಕ್ಕಿನಲ್ಲಿ ನಿಂತವನು ಮ್ಯಾನುಯೆಲ್ ವೆಲಾಸ್ಕ್ವೆಜ್. ಅವನು ವೈದ್ಯನಲ್ಲ, ಅಧಿಕಾರಿಯಲ್ಲ. ಬಾಕ್ಸರ್ ಗೆಳೆಯನೊಬ್ಬ ಏಟು ತಿಂದು ಬುದ್ಧಿ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡು, ಈ ಆಟವನ್ನೇ ನಿಲ್ಲಿಸಬೇಕೆಂದು ಪಣ ತೊಟ್ಟ. ದಶಕಗಳ ಕಾಲ ಪತ್ರಿಕೆಗಳ ತುಣುಕು ಕತ್ತರಿಸಿ, ಅಂಟಿಸಿ, ಪಂದ್ಯದಲ್ಲಿ ಸತ್ತವರ ಹೆಸರು, ಊರು, ದಿನಾಂಕ ಬರೆದಿಟ್ಟ. ಅವನ ಬಳಿಕ ಆ ಸಂಗ್ರಹ ಸಮರಕಲೆಗಳ ಲೇಖಕ ರಾಬರ್ಟ್ ಸ್ಮಿತ್ ಕೈಗೆ ಬಂತು. ಅಲ್ಲಿಂದ ಸಂಶೋಧಕ ಜೋಸೆಫ್ ಸ್ವಿಂತ್ ಅದನ್ನು ಪಡೆದು, ಪರಿಷ್ಕರಿಸಿ, ವೆಲಾಸ್ಕ್ವೆಜ್‌ನ ಹೆಸರಿನಲ್ಲೇ ಪ್ರಕಟಿಸಿದರು. ಸಾವಿರಕ್ಕೂ ಹೆಚ್ಚು ಸಾವುಗಳು ಅದರಲ್ಲಿವೆ. ಅವರಲ್ಲಿ ಬಹುಪಾಲು ಜನರ ಹೆಸರನ್ನು ನಾವು ಯಾರೂ ಕೇಳಿಲ್ಲ. ಸಣ್ಣ ಊರುಗಳ ಸಣ್ಣ ಪಂದ್ಯಗಳಲ್ಲಿ ಸತ್ತ ಹುಡುಗರು ಅವರು. ವೆಲಾಸ್ಕ್ವೆಜ್‌ಗೆ ಬೇಕಾಗಿದ್ದ ನಿಷೇಧ ಬರಲಿಲ್ಲ. ಆದರೆ ಸರ್ಕಾರ, ಸಂಘ, ಆಯೋಗ ಯಾವುದೂ ಮಾಡದ ಕೆಲಸವನ್ನು ಒಬ್ಬ ಸಾಮಾನ್ಯ ಮನುಷ್ಯ ಕತ್ತರಿ, ಗೋಂದು ಹಿಡಿದು ಮಾಡಿದ್ದ. ಈ ಇತಿಹಾಸದಲ್ಲಿ ಅವನ ಬಗ್ಗೆ ನನಗಿರುವಷ್ಟು ಗೌರವ ಇನ್ನಾರ ಬಗ್ಗೆಯೂ ಇಲ್ಲ.

ಸತ್ತವರನ್ನು ಎಣಿಸಬಹುದು. ಬದುಕಿ ಕೆಟ್ಟವರನ್ನು ಎಣಿಸುವುದು ಹೇಗೆ? ಆಸ್ಪತ್ರೆಗೆ ಬಂದವರನ್ನು ಮಾತ್ರ ನೋಡಿದರೆ ಎಲ್ಲ ಬಾಕ್ಸರ್‌ಗಳೂ ರೋಗಿಗಳೇ ಎನಿಸುತ್ತದೆ. ಟೆಲಿವಿಷನ್ನಿನಲ್ಲಿ ನಗುವ ಮಾಜಿ ಚಾಂಪಿಯನ್‌ಗಳನ್ನು ಮಾತ್ರ ನೋಡಿದರೆ ಯಾರಿಗೂ ಏನೂ ಆಗಿಲ್ಲ ಎನಿಸುತ್ತದೆ. ಈ ಗಂಟನ್ನು ಬಿಡಿಸಿದ್ದು ಬ್ರಿಟನ್. ಅಲ್ಲಿ 1929ರಿಂದ ಬ್ರಿಟಿಷ್ ಬಾಕ್ಸಿಂಗ್ ಬೋರ್ಡ್ ಆಫ್ ಕಂಟ್ರೋಲ್ ಎಂಬ ಒಂದೇ ಸಂಸ್ಥೆ ದೇಶದ ವೃತ್ತಿಪರ ಬಾಕ್ಸರ್‌ಗಳಿಗೆಲ್ಲ ಲೈಸೆನ್ಸ್ ಕೊಡುತ್ತಿತ್ತು, ಅವರ ಹೆಸರು ನೋಂದಾಯಿಸುತ್ತಿತ್ತು. 1950ರ ದಶಕದಲ್ಲಿ ಲೇಬರ್ ಪಕ್ಷದ ಸಂಸದೆ, ಸ್ವತಃ ವೈದ್ಯೆಯಾಗಿದ್ದ ಈಡಿತ್ ಸಮ್ಮರ್‌ಸ್ಕಿಲ್ ಬಾಕ್ಸಿಂಗ್ ನಿಷೇಧಕ್ಕೆ ದನಿಯೆತ್ತಿದ್ದರು. 1960ರಲ್ಲಿ ಅವರು ಸಂಸತ್ತಿನಲ್ಲಿ ತಂದ ಮಸೂದೆ ಸೋತಿತು. ಆ ವಾದದ ಕಾವು ಆರುವ ಮುನ್ನವೇ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಅಧ್ಯಯನಕ್ಕೆ ಕೈಹಾಕಿತು. ಕೆಲಸ ಡಾ. ಎ. ಎಚ್. ರಾಬರ್ಟ್ಸ್ ಅವರ ಪಾಲಿಗೆ ಬಂತು.

ರಾಬರ್ಟ್ಸ್ ಮಾಡಿದ್ದು ಸರಳವಾದ, ಆದರೆ ಅಲ್ಲಿಯವರೆಗೆ ಯಾರೂ ಮಾಡದ ಕೆಲಸ. 1929ರಿಂದ 1955ರವರೆಗಿನ ನೋಂದಣಿ ಪುಸ್ತಕಗಳನ್ನು ತೆರೆದರು. ಅವುಗಳಲ್ಲಿ 16,781 ಹೆಸರುಗಳಿದ್ದವು. ಅದರಿಂದ ಲಾಟರಿ ಎತ್ತಿದಂತೆ 250 ಹೆಸರು ಆರಿಸಿ, ಒಬ್ಬೊಬ್ಬರನ್ನೂ ಹುಡುಕಿಸಿದರು. 224 ಜನ ಸಿಕ್ಕರು. ಎಲ್ಲರನ್ನೂ ಕೂರಿಸಿ, ನಡೆಸಿ, ಮಾತಾಡಿಸಿ ಪರೀಕ್ಷಿಸಿದರು. 37 ಜನರಲ್ಲಿ, ಅಂದರೆ ಶೇಕಡಾ 17ರಷ್ಟು ಮಂದಿಯಲ್ಲಿ, ಬಾಕ್ಸಿಂಗ್‌ನಿಂದಾದ ಮೆದುಳು ಹಾನಿಯ ಲಕ್ಷಣ ಕಂಡಿತು. ಹೆಚ್ಚು ವರ್ಷ ಆಡಿದವರಲ್ಲಿ, ಹೆಚ್ಚು ಪಂದ್ಯ ಕಂಡವರಲ್ಲಿ ಅದು ಹೆಚ್ಚು. 1969ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನವೇ ವಾದವನ್ನು ಊಹೆಯ ನೆಲದಿಂದ ಅಂಕಿಯ ನೆಲಕ್ಕೆ ತಂದದ್ದು. ಲೈಸೆನ್ಸ್ ಶುಲ್ಕಕ್ಕಾಗಿಯೋ ಶಿಸ್ತಿಗಾಗಿಯೋ ಗುಮಾಸ್ತರು ಬರೆದಿಟ್ಟ ಹೆಸರುಗಳಿಂದ ಇದು ಸಾಧ್ಯವಾಯಿತು. ಆ ಪುಸ್ತಕಗಳು ಇರದಿದ್ದರೆ ಶೇಕಡಾ ಎಷ್ಟು ಎಂದು ಕೇಳುವುದಕ್ಕೆ ಅರ್ಥವೇ ಇರುತ್ತಿರಲಿಲ್ಲ. ನಾಲ್ಕು ವರ್ಷಗಳ ಬಳಿಕ ಡಾ. ಕಾರ್ಸೆಲಿಸ್ ಮತ್ತು ಸಂಗಡಿಗರು 15 ಮಾಜಿ ಬಾಕ್ಸರ್‌ಗಳ ಮೆದುಳನ್ನು ಸಾವಿನ ನಂತರ ಪರೀಕ್ಷಿಸಿ, ಕುಟುಂಬದವರನ್ನು ಮಾತಾಡಿಸಿ, ಅವರ ಕೊನೆಯ ವರ್ಷಗಳ ಕತೆಯನ್ನು ಅಂಗಾಂಶದ ಜೊತೆ ಹೊಂದಿಸಿ ಬರೆದರು. ಹೆಂಡತಿ ಮಕ್ಕಳು ಹೇಳಿದ ಮರೆವು, ಸಿಟ್ಟು, ನಡುಕ ಎಲ್ಲಕ್ಕೂ ಮೆದುಳಿನಲ್ಲಿ ಗುರುತಿತ್ತು.

ವರದಿ ಬರೆಯುವುದು ಒಂದು, ಅದನ್ನು ಓದಿ ಆಟ ನಿಲ್ಲಿಸುವುದು ಇನ್ನೊಂದು. ಇದಕ್ಕೆ ಮುಹಮ್ಮದ್ ಅಲಿಯ ಕೊನೆಯ ವರ್ಷಗಳಿಗಿಂತ ನೋವಿನ ಉದಾಹರಣೆ ಸಿಗಲಾರದು. 1977ರ ಸೆಪ್ಟೆಂಬರ್ 29ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಲಿ ಅರ್ನಿ ಶೇವರ್ಸ್ ಎದುರು ಹದಿನೈದು ಸುತ್ತು ಭಾರೀ ಏಟು ತಿಂದು ಗೆದ್ದ. ಪಂದ್ಯದ ನಂತರ ನ್ಯೂಯಾರ್ಕ್ ಆಯೋಗದ ವೈದ್ಯರಿಂದ ಬಂದ ಪ್ರಯೋಗಾಲಯದ ವರದಿ ಅಲಿಯ ವೈದ್ಯ ಫರ್ಡಿ ಪಚೆಕೊ ಕೈ ಸೇರಿತು. ಮೂತ್ರಪಿಂಡಗಳು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಅದರಲ್ಲಿತ್ತು. ಪಚೆಕೊ ಅದರ ಪ್ರತಿಗಳನ್ನು ಅಲಿಗೆ, ಅಲಿಯ ಹೆಂಡತಿಗೆ, ಮ್ಯಾನೇಜರ್‌ಗೆ, ತರಬೇತುದಾರ ಆಂಜೆಲೊ ಡಂಡಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ಯಾರಿಂದಲೂ ಉತ್ತರ ಬರಲಿಲ್ಲ. ಪಚೆಕೊ ಅಲಿಯ ಬಳಗ ಬಿಟ್ಟು ಹೊರಬಂದರು.

1980ರಲ್ಲಿ ಅಲಿ ನಿವೃತ್ತಿಯಿಂದ ಮರಳಿ ಲ್ಯಾರಿ ಹೋಮ್ಸ್ ಎದುರು ಆಡಲು ಹೊರಟಾಗ ನೆವಾಡಾ ಆಯೋಗ ವೈದ್ಯಕೀಯ ಪರೀಕ್ಷೆ ಕೇಳಿತು. ಮೇಯೊ ಕ್ಲಿನಿಕ್‌ನಲ್ಲಿ ತಪಾಸಣೆಯಾಯಿತು. ಬೆರಳನ್ನು ಮೂಗಿಗೆ ಮುಟ್ಟಿಸುವಾಗ ಗುರಿ ಸ್ವಲ್ಪ ತಪ್ಪುತ್ತದೆ, ಮಾತಿನ ಹೊಂದಾಣಿಕೆಯಲ್ಲಿ ತೊಡಕಿದೆ, ಒಂಟಿ ಕಾಲಿನಲ್ಲಿ ಕುಪ್ಪಳಿಸುವಾಗ ನಿರೀಕ್ಷಿಸಿದಷ್ಟು ಚುರುಕಿಲ್ಲ ಎಂದೆಲ್ಲ ವರದಿಯಲ್ಲಿ ದಾಖಲಾಯಿತು. ಕಾಲಿನ ಕುಣಿತದಿಂದಲೇ ಜಗತ್ತನ್ನು ಬೆರಗುಗೊಳಿಸಿದ್ದ ಮನುಷ್ಯನ ಬಗ್ಗೆ ಬರೆದ ಮಾತುಗಳಿವು. ಆದರೂ ಲೈಸೆನ್ಸ್ ಸಿಕ್ಕಿತು. ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಹೋಮ್ಸ್ ಹತ್ತು ಸುತ್ತು ಅಲಿಯನ್ನು ಹೊಡೆದ. ಡಂಡಿ ಪಂದ್ಯ ನಿಲ್ಲಿಸಿದರು. ಅಲ್ಲಿಗೂ ಮುಗಿಯಲಿಲ್ಲ. ಮರುವರ್ಷ ಡಿಸೆಂಬರ್ 11ರಂದು ಬಹಾಮಾಸ್‌ನ ನಸ್ಸೌನಲ್ಲಿ, ಅಮೆರಿಕದ ಯಾವ ಆಯೋಗದ ಮಾತೂ ನಡೆಯದ ಕಡೆ, ಟ್ರೆವರ್ ಬರ್ಬಿಕ್ ಎದುರು ಕೊನೆಯ ಪಂದ್ಯ ಆಡಿ ಸೋತ. 1984ರಲ್ಲಿ ಪಾರ್ಕಿನ್ಸನ್ ಲಕ್ಷಣಗಳಿವೆಯೆಂದು ವೈದ್ಯರು ಹೇಳಿದರು. ಆ ಕಾಯಿಲೆಗೆ ಏಟುಗಳೇ ಎಷ್ಟರಮಟ್ಟಿಗೆ ಕಾರಣ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಹೋಮ್ಸ್ ಪಂದ್ಯಕ್ಕೆ ಮುಂಚೆ ಬರೆದಿಟ್ಟ ಕಾಗದದ ಬಗ್ಗೆ ಮಾತ್ರ ಯಾರಿಗೂ ಅನುಮಾನ ಬೇಡ.

1982ರ ನವೆಂಬರ್ 13ರಂದು ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ, ರೇ ಮ್ಯಾನ್ಸಿನಿಯ ಲೈಟ್‌ವೇಟ್ ಪಟ್ಟಕ್ಕಾಗಿ ಕಾದಾಡಿದ. ಹದಿನಾಲ್ಕನೇ ಸುತ್ತು ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಬಿದ್ದ. ಹಗ್ಗ ಹಿಡಿದು ಎದ್ದು ನಿಂತ, ಪಂದ್ಯ ನಿಂತಿತು, ಪ್ರಜ್ಞೆ ಹೋಯಿತು. ಮೆದುಳಿನ ಹೊದಿಕೆಯ ಕೆಳಗೆ ರಕ್ತ ಕಟ್ಟಿತ್ತು. ನಾಲ್ಕೈದು ದಿನಗಳಲ್ಲಿ ತೀರಿಕೊಂಡ. ದುರಂತ ಅಲ್ಲಿಗೇ ನಿಲ್ಲಲಿಲ್ಲ: ಕೆಲವು ತಿಂಗಳಲ್ಲಿ ಅವನ ತಾಯಿ, 1983ರ ಜುಲೈನಲ್ಲಿ ಆ ಪಂದ್ಯದ ರೆಫರಿ ರಿಚರ್ಡ್ ಗ್ರೀನ್, ಇಬ್ಬರೂ ಆತ್ಮಹತ್ಯೆ ಮಾಡಿಕೊಂಡರು. ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ತನ್ನ ಪಟ್ಟದ ಪಂದ್ಯಗಳನ್ನು ಹದಿನೈದರಿಂದ ಹನ್ನೆರಡು ಸುತ್ತಿಗೆ ಇಳಿಸಿತು. ಉಳಿದ ಸಂಸ್ಥೆಗಳು ಆ ದಶಕ ಮುಗಿಯುವುದರೊಳಗೆ ಅದನ್ನೇ ಅನುಸರಿಸಿದವು.

ಕಿಮ್ ಸತ್ತ ಬೆನ್ನಲ್ಲೇ, 1983ರ ಜನವರಿಯಲ್ಲಿ, ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಅದೇ ನಿಯತಕಾಲಿಕದಲ್ಲಿ ಸಂಪಾದಕ ಜಾರ್ಜ್ ಲುಂಡ್‌ಬರ್ಗ್ ನಾಗರಿಕ ದೇಶಗಳಲ್ಲಿ ಬಾಕ್ಸಿಂಗ್ ಇರಕೂಡದು ಎಂದು ಬರೆದರು. ಪತ್ರಿಕೆಗಳೆಲ್ಲ ಆ ಸಂಪಾದಕೀಯದ ಹಿಂದೆ ಬಿದ್ದವು. ಅದೇ ಸಂಚಿಕೆಯಲ್ಲಿದ್ದ, ಸಂಘದ ವೈಜ್ಞಾನಿಕ ಮಂಡಳಿಯ ವರದಿ ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು. ಹವ್ಯಾಸಿ, ವೃತ್ತಿಪರ, ಅಭ್ಯಾಸದ ಜೊತೆಗಾರ ಎನ್ನದೆ ಎಲ್ಲ ಬಾಕ್ಸರ್‌ಗಳಿಗೂ ಒಂದು ರಾಷ್ಟ್ರೀಯ ನೋಂದಣಿ ಇರಲಿ. ಪ್ರತಿಯೊಂದು ನಾಕೌಟ್, ಪ್ರತಿಯೊಂದು ಗಾಯ ಅದರಲ್ಲಿ ದಾಖಲಾಗಲಿ ಎಂದು ಅದು ಶಿಫಾರಸು ಮಾಡಿತ್ತು. ಅಭ್ಯಾಸದಲ್ಲಿ ಏಟು ತಿನ್ನುವವರನ್ನೂ ಸೇರಿಸಿದ್ದನ್ನು ಗಮನಿಸಬೇಕು. ಮಾರ್ಟ್‌ಲ್ಯಾಂಡ್ ಬೊಟ್ಟುಮಾಡಿ ತೋರಿಸಿದ್ದ ಆ ಜನಕ್ಕೆ ಅರ್ಧ ಶತಮಾನ ಕಳೆದ ಮೇಲೆ ಒಂದು ವಾಕ್ಯದಲ್ಲಿ ಜಾಗ ಸಿಕ್ಕಿತು.

ಶಿಫಾರಸು ಕಾನೂನಾಗಲು ಹದಿಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಒಂದು ರಾಜ್ಯದಲ್ಲಿ ನಾಕೌಟ್ ಆಗಿ ಅಮಾನತುಗೊಂಡವನು ಪಕ್ಕದ ರಾಜ್ಯಕ್ಕೆ ಹೋಗಿ, ಹೆಸರು ಬದಲಿಸಿ, ವಾರದೊಳಗೆ ಮತ್ತೆ ರಿಂಗು ಹತ್ತಬಹುದಿತ್ತು. ಬಡತನ ಹಾಗೆ ಮಾಡಿಸುತ್ತಿತ್ತು, ತುಂಬದ ಕಾರ್ಯಕ್ರಮ ತುಂಬಿಸಬೇಕಿದ್ದ ಪ್ರಮೋಟರ್ ಮಾಡಿಸುತ್ತಿದ್ದ. 1995ರ ಮೇ ತಿಂಗಳಲ್ಲಿ ಕೊಲಂಬಿಯಾದ ಜಿಮ್ಮಿ ಗಾರ್ಸಿಯಾ ಲಾಸ್ ವೇಗಸ್‌ನ ಪಂದ್ಯದ ಬಳಿಕ ಸತ್ತ. 1996ರ ಅಕ್ಟೋಬರ್‌ನಲ್ಲಿ, ಸೆನೆಟರ್ ಜಾನ್ ಮೆಕೇನ್ ಮೊದಲಾದವರು ಬೆನ್ನುಹತ್ತಿದ್ದ ವೃತ್ತಿಪರ ಬಾಕ್ಸಿಂಗ್ ಸುರಕ್ಷತಾ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಪ್ರತಿ ಬಾಕ್ಸರ್‌ಗೂ ಫೋಟೋ ಇರುವ ಗುರುತಿನ ಚೀಟಿ ಬೇಕು. ಪಂದ್ಯದ ಮುಂಚೆ ವೈದ್ಯರ ತಪಾಸಣೆ, ರಿಂಗಿನ ಪಕ್ಕದಲ್ಲಿ ವೈದ್ಯ, ಸ್ಥಳದಲ್ಲಿ ಆಂಬುಲೆನ್ಸ್ ಅಥವಾ ತುರ್ತು ಚಿಕಿತ್ಸೆಯ ಸಿಬ್ಬಂದಿ, ಬಾಕ್ಸರ್‌ಗೆ ವಿಮೆ ಇರಬೇಕು. ಫಲಿತಾಂಶ ಎರಡು ಕೆಲಸದ ದಿನಗಳಲ್ಲಿ ನೋಂದಣಿ ಕೇಂದ್ರ ಸೇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾಕೌಟ್ ಆದದ್ದಕ್ಕೋ ಸಾಲು ಸಾಲು ಸೋತದ್ದಕ್ಕೋ ಗಾಯಕ್ಕೋ ಒಂದು ರಾಜ್ಯ ಅಮಾನತು ಮಾಡಿದರೆ ಇನ್ನೊಂದು ರಾಜ್ಯ ಅದನ್ನು ಮಾನ್ಯ ಮಾಡಬೇಕು. ಹೆಸರು ಬದಲಿಸುವವರ ವಿಷಯವೂ ಕಾಯ್ದೆಯಲ್ಲೇ ಸೇರಿತು. ಫ್ಲಾರಿಡಾ, ನೆವಾಡಾ, ನ್ಯೂಯಾರ್ಕುಗಳ ನಡುವಿನ ಬಿರುಕನ್ನು ಮುಚ್ಚುವ ಕಾನೂನು ಬರುವ ಹೊತ್ತಿಗೆ ಪರೆಟ್ ಸತ್ತು 34 ವರ್ಷ ಕಳೆದಿತ್ತು.

ಬ್ರಿಟನ್ನಿನಲ್ಲಿ ನೋಂದಣಿ ಇತ್ತು, ಲೈಸೆನ್ಸ್ ಇತ್ತು, ವೈದ್ಯರೂ ಇದ್ದರು. 1991ರ ಸೆಪ್ಟೆಂಬರ್ 21ರಂದು ಲಂಡನ್ನಿನ ವೈಟ್ ಹಾರ್ಟ್ ಲೇನ್ ಮೈದಾನದಲ್ಲಿ ಇದ್ದದ್ದು ಅಷ್ಟೇ. ಮೈಕಲ್ ವಾಟ್ಸನ್ ಹನ್ನೊಂದನೇ ಸುತ್ತಿನಲ್ಲಿ ಕ್ರಿಸ್ ಯೂಬ್ಯಾಂಕ್‌ನನ್ನು ಕೆಡವಿದ. ಎದ್ದ ಯೂಬ್ಯಾಂಕ್ ಮರುಕ್ಷಣದಲ್ಲೇ ಕೊಟ್ಟ ಏಟಿಗೆ ವಾಟ್ಸನ್ ಹಿಂದಕ್ಕೆ ಬಿದ್ದು ಕುತ್ತಿಗೆ ಹಗ್ಗಕ್ಕೆ ಬಡಿಯಿತು. ಹನ್ನೆರಡನೇ ಸುತ್ತಿನಲ್ಲಿ ಪಂದ್ಯ ನಿಂತಿತು. ವಾಟ್ಸನ್ ಕುಸಿದ ಮೇಲೆ ವೈದ್ಯರು ಅವನನ್ನು ಮುಟ್ಟಿ ನೋಡುವಷ್ಟರಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದಿದ್ದವು. ರಿಂಗಿನ ಬಳಿ ಆಮ್ಲಜನಕ ಕೊಟ್ಟು ಉಸಿರಾಟ ಕಾಯುವ ವ್ಯವಸ್ಥೆ ಇರಲಿಲ್ಲ. ಮೊದಲು ಕೊಂಡೊಯ್ದ ಆಸ್ಪತ್ರೆಯಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯ ವಿಭಾಗ ಇರಲಿಲ್ಲ. ಅಲ್ಲಿಂದ ಸೇಂಟ್ ಬಾರ್ಥಲೊಮ್ಯೂಸ್‌ಗೆ ಸಾಗಿಸಿ, ಪೀಟರ್ ಹ್ಯಾಮ್ಲಿನ್ ಎಂಬ ಯುವ ಸರ್ಜನ್ ಕೈಗೆ ಒಪ್ಪಿಸಲಾಯಿತು. ನಲವತ್ತು ದಿನ ಕೋಮಾ, ಆರು ಶಸ್ತ್ರಚಿಕಿತ್ಸೆ, ವರ್ಷಗಟ್ಟಲೆ ಗಾಲಿಕುರ್ಚಿ.

ವಾಟ್ಸನ್ ಮೊಕದ್ದಮೆ ಹೂಡಿದ್ದು ಎದುರಾಳಿಯ ಮೇಲಲ್ಲ, ಬೋರ್ಡಿನ ಮೇಲೆ. ತಲೆಯೊಳಗೆ ರಕ್ತ ಕಟ್ಟಿದಾಗ ಮೊದಲ ನಿಮಿಷಗಳಲ್ಲೇ ಉಸಿರಾಟ ಕಾಪಾಡಬೇಕು ಎಂಬುದು ಆಗ ವೈದ್ಯಲೋಕಕ್ಕೆ ಗೊತ್ತಿದ್ದ ವಿಷಯ; ನಿಯಮ ಮಾಡುವ ಸಂಸ್ಥೆ ಅದನ್ನು ತನ್ನ ನಿಯಮಕ್ಕೆ ಏಕೆ ಸೇರಿಸಲಿಲ್ಲ ಎಂಬುದು ಅವನ ಪ್ರಶ್ನೆ. 1999ರಲ್ಲಿ ಹೈಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. 2000ದ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಪರಿಹಾರ ಕೊನೆಗೆ 4 ಲಕ್ಷ ಪೌಂಡಿಗೆ ಇತ್ಯರ್ಥವಾಯಿತು. ಬೋರ್ಡಿನ ಬೊಕ್ಕಸ ಬರಿದಾಗಿ ಲಂಡನ್ ಕಚೇರಿ ಮಾರಿ ಕಾರ್ಡಿಫ್‌ಗೆ ಹೋಯಿತು. ಪಂದ್ಯಕ್ಕೆ ನಿಯಮ ಮಾಡುವ ಸಂಸ್ಥೆಗೆ, ಗಾಯಗೊಂಡವನಿಗೆ ರಿಂಗಿನ ಬಳಿಯೇ ತಕ್ಕ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವ ಹೊಣೆಯೂ ಇದೆ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ವಾಟ್ಸನ್ ಮುಂದೆ, 2003ರಲ್ಲಿ, ಹ್ಯಾಮ್ಲಿನ್ ಜೊತೆಗೂಡಿ ಲಂಡನ್ ಮ್ಯಾರಥಾನಿನ ಪೂರ್ತಿ ದೂರವನ್ನು ಆರು ದಿನಗಳಲ್ಲಿ ನಡೆದು ಮುಗಿಸಿದ.

ವಾಟ್ಸನ್ ಕುಸಿದು ಮೂವತ್ತೊಂದನೇ ವರ್ಷ, 2022ರ ಜುಲೈನಲ್ಲಿ, ಬೆಂಗಳೂರಿನಲ್ಲಿ ರಾಜ್ಯಮಟ್ಟದ್ದೆಂದು ಹೇಳಲಾದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದು ನಡೆಯಿತು. ಮೈಸೂರಿನಿಂದ ಬಂದಿದ್ದ, ಇಪ್ಪತ್ತರ ಹರೆಯದ ಯುವಕ ಎದುರಾಳಿಯ ಹೊಡೆತಕ್ಕೆ ನೆಲಕ್ಕುರುಳಿದ. ಮತ್ತೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಕೆಲ ದಿನಗಳಲ್ಲಿ ಪ್ರಾಣ ಹೋಯಿತು. ಸ್ಥಳದಲ್ಲಿ ಆಂಬುಲೆನ್ಸ್ ಇರಲಿಲ್ಲ, ಆಮ್ಲಜನಕ ಇರಲಿಲ್ಲ, ತಕ್ಷಣ ನೋಡುವ ವೈದ್ಯಕೀಯ ಸಿಬ್ಬಂದಿ ಇರಲಿಲ್ಲ ಎಂದು ಅವನ ಕಡೆಯವರು ಹೇಳಿದ್ದು ಆಗಿನ ಪತ್ರಿಕೆಗಳಲ್ಲಿ ಬಂತು. ಪೊಲೀಸರು ನಿರ್ಲಕ್ಷ್ಯದ ಪ್ರಕರಣ ದಾಖಲಿಸಿದರು. ಅವನು ಬೀಳುವ ದೃಶ್ಯದ ವಿಡಿಯೋ ಲಕ್ಷಾಂತರ ಮೊಬೈಲುಗಳಲ್ಲಿ ಹರಿದಾಡಿತು. ಲಂಡನ್ನಿನ ನ್ಯಾಯಾಲಯ ಒಂದೊಂದಾಗಿ ಎತ್ತಿ ಹೇಳಿದ್ದ ಕೊರತೆಗಳು ನಮ್ಮ ಊರಿನ ಸುದ್ದಿಯಲ್ಲಿ ಮತ್ತೆ ಕಂಡಾಗ ನನಗೆ ಸಂಕಟದ ಜೊತೆ ಸಿಟ್ಟೂ ಬಂತು. ಏನು ಬೇಕು ಎಂಬುದು ಜಗತ್ತಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅದನ್ನು ತಿಳಿಸಿಕೊಡಲು ಬೇರೆಯವರ ಮಕ್ಕಳು ಆಗಲೇ ಬೆಲೆ ತೆತ್ತಿದ್ದರು.

ಈ ಹೊತ್ತಿಗೆ ಕಾದಾಟದ ಕ್ರೀಡೆ ಎಂದರೆ ಬಾಕ್ಸಿಂಗ್ ಒಂದೇ ಎನ್ನುವ ಕಾಲ ಹೋಗಿತ್ತು. 2001ರಲ್ಲಿ ನೆವಾಡಾ ಮಿಶ್ರ ಸಮರಕಲೆಗೆ ಅನುಮತಿ ಕೊಟ್ಟಿತು. ಆಯೋಗದ ವೈದ್ಯರು ಪ್ರತಿ ಪಂದ್ಯದ ಬಳಿಕ ಇಬ್ಬರನ್ನೂ ಪರೀಕ್ಷಿಸಿ ಬರೆದಿಟ್ಟ ಕಡತಗಳಿದ್ದದ್ದರಿಂದ, 2001ರ ಸೆಪ್ಟೆಂಬರ್‌ನಿಂದ 2004ರ ಡಿಸೆಂಬರ್‌ವರೆಗಿನ 171 ಪಂದ್ಯಗಳ ಗಾಯಗಳನ್ನು ಸಂಶೋಧಕರು ಲೆಕ್ಕಹಾಕಿ 2006ರಲ್ಲಿ ಪ್ರಕಟಿಸಲು ಸಾಧ್ಯವಾಯಿತು. 78 ಸ್ಪರ್ಧಿಗಳಿಗೆ 96 ಗಾಯಗಳು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಮುಖದ ಮೇಲಿನ ಸೀಳುಗಾಯ. ಆಮೇಲೆ ಕೈ, ಮೂಗು, ಕಣ್ಣು. ಸಾವು ಇಲ್ಲ.

ಇದು ಒಳ್ಳೆಯ ಕೆಲಸ, ಆದರೆ ಇದನ್ನು ಓದುವಾಗ ಎಚ್ಚರ ಬೇಕು. ಪಂದ್ಯ ಮುಗಿದ ಅರ್ಧ ಗಂಟೆಯಲ್ಲಿ ವೈದ್ಯನ ಕಣ್ಣಿಗೆ ಬೀಳುವುದು ರಕ್ತ, ಬಾವು, ಮುರಿದ ಮೂಳೆ. ಮೈಸೂರು ಅರಮನೆಯ ಆವರಣದಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಜಟ್ಟಿಗಳು ಕೈಗೆ ವಜ್ರನಖ ತೊಟ್ಟು ಎದುರಾಗುತ್ತಾರೆ; ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ನಮ್ಮ ಹಿರಿಯರು ಕಾಣುವ ಗಾಯಕ್ಕೆ ಗೆರೆ ಎಳೆದಿದ್ದರು, ಆ ಕಾಲಕ್ಕೆ ಅದು ದೊಡ್ಡ ವಿವೇಕ. ಕೈಗೆ ಗ್ಲೌಸ್ ಬಂದ ಮೇಲೆ ರಕ್ತ ಕಡಿಮೆಯಾಯಿತು. ತಲೆಗೆ ಮತ್ತೆ ಮತ್ತೆ, ಗಂಟೆಗಟ್ಟಲೆ ಹೊಡೆಯುವುದು ಸುಲಭವಾಯಿತು. ಮುಖದ ಸೀಳನ್ನು ಹೊಲಿದು ಸಂಖ್ಯೆಯಾಗಿ ಬರೆಯಬಹುದು. ಇಪ್ಪತ್ತು ವರ್ಷದ ನಂತರ ಬರುವ ಮರೆವು ಆ ರಾತ್ರಿಯ ಕಡತಕ್ಕೆ ಎಂದೂ ಸೇರುವುದಿಲ್ಲ. ಹಾಗಾಗಿ ಎರಡು ಕ್ರೀಡೆಗಳ ಗಾಯದ ಪ್ರಮಾಣ ಹೋಲಿಸಿ ಇದು ಮೇಲು, ಅದು ಕೀಳು ಎಂದು ವಾದಿಸುವವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. 2013ರಲ್ಲಿ ಅಂತರರಾಷ್ಟ್ರೀಯ ಹವ್ಯಾಸಿ ಬಾಕ್ಸಿಂಗ್ ಸಂಸ್ಥೆ ಪುರುಷರ ಉನ್ನತ ಪಂದ್ಯಗಳಲ್ಲಿ ಶಿರಸ್ತ್ರಾಣ ತೆಗೆಸಿತು. ಅದಿಲ್ಲದಿದ್ದಾಗ ತಲೆಪೆಟ್ಟಿನಿಂದ ಪಂದ್ಯ ನಿಲ್ಲುವುದು ಕಡಿಮೆ ಎಂಬ ಲೆಕ್ಕ ಅದಕ್ಕೆ ಆಧಾರವಾಗಿತ್ತು. ಸೀಳುಗಾಯಗಳು ಹೆಚ್ಚಾದವು. ನಿಂತ ಪಂದ್ಯಗಳನ್ನು ಎಣಿಸಿ ಮೆದುಳಿಗೆ ಬಿದ್ದ ಒಟ್ಟು ಪೆಟ್ಟನ್ನು ಅಳೆಯಲಾಗದು ಎಂದು ಆಗಲೇ ವೈದ್ಯರು ಆಕ್ಷೇಪಿಸಿದ್ದರು.

ಕಾಣದ ಗಾಯವನ್ನು ಹಿಡಿಯಬೇಕಾದರೆ ಒಂದೇ ದಾರಿ: ಮನುಷ್ಯ ಚೆನ್ನಾಗಿರುವಾಗಲೇ ಅಳೆದು, ವರ್ಷ ವರ್ಷ ಮತ್ತೆ ಅಳೆಯುವುದು. ಲಾಸ್ ವೇಗಸ್‌ನಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಮೆದುಳು ಆರೋಗ್ಯ ಕೇಂದ್ರ 2011ರಲ್ಲಿ ಡಾ. ಚಾರ್ಲ್ಸ್ ಬರ್ನಿಕ್ ನೇತೃತ್ವದಲ್ಲಿ ಅದನ್ನೇ ಶುರುಮಾಡಿತು. ಬಾಕ್ಸರ್‌ಗಳು, ಮಿಶ್ರ ಸಮರಕಲೆಯವರು, ನಿವೃತ್ತರು ತಾವಾಗಿಯೇ ಬಂದು ಎಂಆರ್‌ಐ ಯಂತ್ರದೊಳಗೆ ಮಲಗುತ್ತಾರೆ, ರಕ್ತ ಕೊಡುತ್ತಾರೆ, ಕಂಪ್ಯೂಟರ್ ಮುಂದೆ ಕೂತು ನೆನಪಿನ, ಚುರುಕಿನ ಪರೀಕ್ಷೆ ಬರೆಯುತ್ತಾರೆ, ಮಾತಾಡಿ ಧ್ವನಿ ಮುದ್ರಿಸುತ್ತಾರೆ. ಹೆಚ್ಚು ಪಂದ್ಯ ಆಡಿದವರ ಮೆದುಳಿನ ಒಳಭಾಗದ ಕೆಲವು ರಚನೆಗಳು ಕುಗ್ಗಿರುವುದು, ಯೋಚನೆಯ ವೇಗ ತಗ್ಗಿರುವುದು ಈ ಕಡತಗಳಿಂದ ಹೊರಬಂತು. ಅಂಥ ಕುಗ್ಗುವಿಕೆಯ ಎಷ್ಟೋ ಭಾಗ ಸ್ಪರ್ಧಿ ಇನ್ನೂ ಗೆಲ್ಲುತ್ತಿರುವಾಗಲೇ, ಯಾರಿಗೂ ಏನೂ ತೋರದಿರುವಾಗಲೇ ಆಗಿರುತ್ತದೆ.

2022ರ ಕೊನೆಗೆ ಅದೇ ತಂಡ ಇನ್ನೊಂದು ಫಲಿತಾಂಶ ಪ್ರಕಟಿಸಿತು. ಆಟ ಬಿಟ್ಟ 45 ಮಂದಿಯನ್ನು, ಅವರಿಗೆ ಸರಿಹೊಂದುವ, ಇನ್ನೂ ಆಡುತ್ತಿದ್ದ 45 ಮಂದಿಯ ಜೊತೆ ಹೋಲಿಸಿದ ಅಧ್ಯಯನ ಅದು. ಆಡುತ್ತಲೇ ಇದ್ದವರ ಪರೀಕ್ಷೆಯ ಅಂಕಗಳು ಇದ್ದಲ್ಲೇ ಇದ್ದವು ಅಥವಾ ಇಳಿದವು. ಬಿಟ್ಟವರಲ್ಲಿ ನೆನಪು, ಯೋಚನೆಯ ವೇಗ ಸುಧಾರಿಸಿದವು; ನರಕೋಶಕ್ಕೆ ಹಾನಿಯಾದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನಿನ ಮಟ್ಟ ತಗ್ಗಿತು. ಅವರ ಸರಾಸರಿ ವಯಸ್ಸು ಮೂವತ್ತರ ಆಸುಪಾಸು. ಎಲ್ಲರಿಗೂ ಹೀಗಾಗುತ್ತದೆ ಎಂದು ವೈದ್ಯರು ಹೇಳುತ್ತಿಲ್ಲ. ತೀರಾ ತಡವಾಗಿ ಬಿಟ್ಟವರಲ್ಲಿ ಮುಂದೆ ಮರೆವಿನ ಕಾಯಿಲೆ ಬರುವ ಅಪಾಯ ಉಳಿದೇ ಇರುತ್ತದೆ. ಆದರೆ ತರಬೇತುದಾರನೊಬ್ಬ ತನ್ನ ಹುಡುಗನನ್ನು ಕೂರಿಸಿಕೊಂಡು 'ಈಗ ಬಿಟ್ಟರೆ ಉಳಿಯುತ್ತೀಯ' ಎಂದು ಹೇಳುವುದಕ್ಕೆ ಈಗ ಅವನ ಕೈಯಲ್ಲಿ ಅಂಕಿಗಳಿವೆ.